ಮೈ ಬಿಗಿಯುವ ಸೋಪು: ಎಸೆಯಬೇಡಿ

ಕೊಬ್ಬರಿಗೆ ಬೆಲೆ ಇಲ್ಲದಾಗ ಮನೆಯ ಎಣ್ಣೆಯಲ್ಲೇ ಸೋಪು ಮಾಡಿದೆ. ನೊರೆ ಭರ್ಜರಿ. ಆದರೆ ಮಿಂದು ಬಂದರೆ ಮೈಯೆಲ್ಲ ಬಿಗಿ, ಗೀರಿದರೆ ಬಿಳಿ ಗೆರೆ! "ಇದು ಪಾತ್ರೆ ತಿಕ್ಕಲಿಕ್ಕೇ ಸರಿ" ಅಂದಳು ಮನೆಯಾಕೆ.

ತಪ್ಪು ಲೆಕ್ಕದ್ದು. ಒಂದು ಕಿಲೋ ತೆಂಗಿನೆಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ನಾನು ಅಷ್ಟನ್ನೂ ಹಾಕಿದ್ದೆ. ಮೈಗೆ ಜಿಡ್ಡು ಉಳಿಯುವುದೆಲ್ಲಿಂದ? ಈಗ 145 ಗ್ರಾಂ ಸಾಕು ಮಾಡಿದ್ದೇನೆ. ಐದರಲ್ಲೊಂದು ಪಾಲು ಎಣ್ಣೆ ಹಾಗೇ ಉಳಿಯುತ್ತದೆ.

ಹಳೆಯದರಲ್ಲಿ ಒಂದು ಕಿಲೋ ತುರಿದು, ಒಂದು ಲೋಟ ನೀರು ಸೇರಿಸಿ, ಕುದಿಯುವ ನೀರಿನ ಮೇಲಿಟ್ಟ ಸ್ಟೀಲ್ ಪಾತ್ರೆಯಲ್ಲಿ ಕರಗಿಸಿದೆ. 100 ಗ್ರಾಂ ಎಣ್ಣೆ ಕಲಸಿ ಅಚ್ಚಿಗೆ ಹಾಕಿ ನಾಲ್ಕು ವಾರ ಒಣಗಿಸಿದೆ. ನೊರೆ ತುಸು ಕಡಿಮೆ, ಬಿಗಿತವೂ ಕಡಿಮೆ. ಉಳಿದದ್ದು ಬಟ್ಟೆಗೆ. ಬೇಸಗೆಯಲ್ಲಿ ಉಪ್ಪಾಗುವ ನಮ್ಮ ಬಾವಿ ನೀರಲ್ಲೂ ನೊರೆ ಬರುತ್ತದೆ.

ನೆನಪಿಡಿ: ಸೋಡಾವನ್ನು ನೀರಿಗೆ ಹಾಕಬೇಕು, ಸೋಡಾದ ಮೇಲೆ ನೀರು ಹೊಯ್ಯಬಾರದು. ಅಲ್ಯುಮಿನಿಯಂ ಪಾತ್ರೆ ಬೇಡವೇ ಬೇಡ. ಮಕ್ಕಳು ಹತ್ತಿರ ಸುಳಿಯದಿರಲಿ. ಬರಿ ಬಿಗಿತವಲ್ಲ, ಉರಿಯೇ ಬಂದರೆ ಸೋಡಾ ಉಳಿದಿದೆಯೆಂದು ಅರ್ಥ. ಅಂಥದ್ದನ್ನು ಮೈಗೆ ಹಚ್ಚಬೇಡಿ.

ತಕ್ಕಡಿ ಸರಿಯಿದ್ದರೆ ಸೋಪೂ ಸರಿ.