ಷರತ್ತು ಹೇಳುವವರು, ಬರೆದುಕೊಳ್ಳುವವರು

ಯೆಮನ್ ದೇಶದ ಮೋಕಾ ಬಂದರಿನಿಂದ ಕಾಫಿಬೀಜ ಹೊರಡಬೇಕಾದರೆ ಅದು ಬೆಂದಿರಬೇಕು, ಇಲ್ಲವೇ ಹುರಿದಿರಬೇಕು. ಮೊಳೆಯಬಲ್ಲ ಬೀಜ ಪರನಾಡಿಗೆ ಹೋಗಕೂಡದು. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಈ ಕಟ್ಟನ್ನು ಮೀರಿ, ಏಳು ಬೀಜಗಳನ್ನು ಮರೆಮಾಡಿ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಪ್ರತೀತಿ. ಹೀಗೆ ಪರರ ಷರತ್ತನ್ನು ಮುರಿದು ಹುಟ್ಟಿದ ಬೆಳೆಯೇ ಮುಂದೆ ಷರತ್ತುಗಳ ನಡುವೆ ಬಾಳಬೇಕಾಯಿತು. ‘ಡಿಕ್ಟೇಟ್ ಟರ್ಮ್ಸ್’ ಎಂಬ ಇಂಗ್ಲಿಷ್ ನುಡಿಗಟ್ಟನ್ನು ಕಲಿಯಲು ಬಾಬಾಬುಡನ್‌ಗಿರಿಯ ತಪ್ಪಲಿಗಿಂತ ಒಳ್ಳೆಯ ಪಾಠಶಾಲೆ ದೊರೆಯುವುದು ಕಷ್ಟ.

ಉಪಾಧ್ಯಾಯರು ಹೇಳುತ್ತ ಮಕ್ಕಳು ಬರೆದುಕೊಳ್ಳುವ ‘ಡಿಕ್ಟೇಷನ್’ ಎಲ್ಲರಿಗೂ ನೆನಪಿರಬೇಕು. ಇಲ್ಲಿರುವುದೂ ಅದೇ ಪದ. ಒಬ್ಬನು ಹೇಳುತ್ತಾನೆ, ಇನ್ನೊಬ್ಬನು ಒಂದಕ್ಷರವನ್ನೂ ತಿದ್ದದೆ ಬರೆದುಕೊಳ್ಳುತ್ತಾನೆ. ಚೌಕಾಸಿಗೆ ಎಡೆಯಿರುವಲ್ಲಿ ಈ ಮಾತು ಸಲ್ಲದು. ಕನ್ನಡಿಗರು ಎಡವುವುದು ಮತ್ತೊಂದು ಕಡೆ. ಕನ್ನಡದಲ್ಲಿ ಷರತ್ತನ್ನು ಒಬ್ಬರ ‘ಮೇಲೆ’ ಹೇರುವುದು ರೂಢಿಯಾದ್ದರಿಂದ, ಇಂಗ್ಲಿಷಿನಲ್ಲಿಯೂ ‘ಆನ್’ ಎಂಬುದು ತಾನಾಗಿಯೇ ನುಸುಳಿಬಿಡುತ್ತದೆ. ‘ಇಂಪೋಸ್’ ಎಂಬ ಕ್ರಿಯಾಪದಕ್ಕೆ ‘ಆನ್’ ಸರಿ. ‘ಡಿಕ್ಟೇಟ್’ಗೆ ‘ಟು’ ಬೇಕು. ‘ಟರ್ಮ್ಸ್’ ಯಾವಾಗಲೂ ಬಹುವಚನ. ‘ಕಮ್ ಟು ಟರ್ಮ್ಸ್’ ಎಂದರೆ ಇದಕ್ಕೆ ಬಹುಮಟ್ಟಿಗೆ ವಿರುದ್ಧ: ಇಬ್ಬರೂ ಕುಳಿತು ಒಪ್ಪಂದಕ್ಕೆ ಬರುವುದು.

ಎರಡನೆಯ ಮಹಾಯುದ್ಧದಿಂದ ಯೂರೋಪಿನ ಮಾರುಕಟ್ಟೆ ಮುಚ್ಚಿಹೋದಾಗ, ಬೆಳೆಗಾರರನ್ನು ಉಳಿಸಲೆಂದೇ ಕಾಫಿ ಪೂಲ್ ವ್ಯವಸ್ಥೆ ಬಂದಿತು. 1942ರ ಕಾನೂನಿನಂತೆ, ಮನೆಬಳಕೆಗೂ ಬಿತ್ತನೆಗೂ ಅನುಮತಿಸಿದಷ್ಟನ್ನು ಬಿಟ್ಟು ಉಳಿದ ಕಾಫಿಯೆಲ್ಲ ಕಾಫಿ ಬೋರ್ಡಿನ ಪೂಲಿಗೆ ಸೇರಬೇಕು. ಹಣ ಕಂತುಕಂತಾಗಿ ಕೈಸೇರುವುದು. ಕಾನೂನು ಬೆಳೆಗಾರರ ಮೇಲೆ ಷರತ್ತನ್ನು ‘ಇಂಪೋಸ್’ ಮಾಡಿತೆಂದರೆ ತಪ್ಪಿಲ್ಲ. ಆದರೆ ಬೋರ್ಡಿನಲ್ಲಿ ಬೆಳೆಗಾರರ ಪ್ರತಿನಿಧಿಗಳೂ ಇದ್ದರೆಂಬುದನ್ನು ನೆನೆದರೆ, ‘ಡಿಕ್ಟೇಟ್’ ಎಂಬ ಮಾತು ತುಸು ಅತಿಯಾದೀತು. ಬದುಕಿಸಲು ಬಂದ ಕಟ್ಟು ಐವತ್ತು ವರ್ಷ ಸಡಿಲವಾಗದಿದ್ದುದು ಬೇರೆ ಮಾತು! 1992ರಲ್ಲಿ ಬೆಳೆಯ ಶೇಕಡ 30 ಭಾಗವನ್ನು ದೇಶದೊಳಗೆ ತಾವೇ ಮಾರಲು ಅವಕಾಶ ದೊರೆಯಿತು. 1996ರಲ್ಲಿ ಪೂಲ್ ಪೂರ್ತಿ ಕೊನೆಗೊಂಡಿತು.

ಇಂದು ಕಳಸದ ಬೆಳೆಗಾರನು ತನ್ನ ಕಾಫಿಯನ್ನು ಯಾರಿಗೆ ಬೇಕಾದರೂ ಮಾರಬಹುದು. ಆದರೆ ಬೆಲೆಗಾಗಿ ಅವನು ಕಣ್ಣು ನೆಟ್ಟಿರುವುದು ಅರೇಬಿಕಾಕ್ಕೆ ನ್ಯೂಯಾರ್ಕಿನತ್ತ, ರೋಬಸ್ಟಾಕ್ಕೆ ಲಂಡನ್ನಿನತ್ತ. ಅಲ್ಲಿಯ ಅಂಕಿ ಇಳಿದರೆ ಅಹವಾಲು ಹೇಳಿಕೊಳ್ಳಲು ಎದುರಿಗೆ ಯಾರೂ ಇಲ್ಲ. ‘ದಿ ಮಾರ್ಕೆಟ್ ಡಿಕ್ಟೇಟ್ಸ್ ಟರ್ಮ್ಸ್ ಟು ದಿ ಗ್ರೋವರ್’ ಎಂಬ ವಾಕ್ಯ ವ್ಯಾಕರಣಕ್ಕೂ ಒಪ್ಪುತ್ತದೆ, ತೋಟಕ್ಕೂ ಒಪ್ಪುತ್ತದೆ.

ಆದರೆ ಕೊಯ್ಲಿನ ಕಾಲದಲ್ಲಿ ಹಣ್ಣು ಕಳಿತು ನೆಲಕ್ಕೆ ಉದುರತೊಡಗಿ, ಆಳುಗಳು ಸಿಕ್ಕದಿದ್ದಾಗ ನೋಡಬೇಕು. ಅಂದು ಕೂಲಿಯನ್ನು ಹೇಳುವವರು ಕೊಯ್ಯುವವರು. ಬರೆದುಕೊಳ್ಳುವವರು ತೋಟದ ಯಜಮಾನರು.