ಭರಣಿ ಮಳೆಯ ಒಂದು ದಿನ

ಏಪ್ರಿಲ್ ಕೊನೆಯ ವಾರದ ಕಲಬುರಗಿಯಲ್ಲಿ ಬೆಳಗಿನ ಎಂಟು ಗಂಟೆಗೇ ಹೊತ್ತು ಏರಿಬಿಟ್ಟಿರುತ್ತದೆ. ಬೇಸಿಗೆಯ ಎರಡು ತಿಂಗಳು ಇಲ್ಲಿನ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಪಹಣಿಗೋ ಪಿಂಚಣಿಗೋ ಹಳ್ಳಿಯಿಂದ ಬಂದವರು ತಲೆಗೆ ಟವೆಲ್ ಸುತ್ತಿಕೊಂಡು ಬೇವಿನ ಮರದ ಬುಡದಲ್ಲಿ ಕುಳಿತಿದ್ದಾರೆ. ನೆರಳು ಸರಿದತ್ತ ಅವರೂ ಸರಿಯುತ್ತಾರೆ. ಪಕ್ಕದ ಅರವಟಿಗೆಯಲ್ಲಿ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆ. ನೀರು ಮೊಗೆದು ಕೊಡುವ ಹುಡುಗ ಮುದುಕರೊಬ್ಬರಿಗೆ ಹೇಳುತ್ತಾನೆ: “ಕುಡೀರಿ ಕಾಕಾ, ಇದೇನ್ ಬಿಸಲು, ಬಿಸಲು ಇನ್ನಾ ಮುಂದದ.”

ಅವನು ಹೇಳಿದ್ದು ನಿಜ. ಒಂದು ಗಂಟೆಯ ಹೊತ್ತಿಗೆ ರಸ್ತೆ ಬಿಕೋ ಎನ್ನುತ್ತದೆ. ಅಂಗಡಿಗಳ ಶಟರ್ ಅರ್ಧಕ್ಕೆ ಇಳಿದಿದೆ, ಆಟೋದವರು ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಮಲಗಿದ್ದಾರೆ. ಊರಾಚೆಯ ಎರೆಹೊಲ ಅಂಗೈ ತೂರುವಷ್ಟು ಅಗಲಕ್ಕೆ ಬಿರಿದಿದೆ. ಹಗಲಿಡೀ ಕಾದ ಶಹಾಬಾದಿ ಕಲ್ಲು ರಾತ್ರಿ ಹತ್ತಾದರೂ ಕಾವು ಬಿಡುವುದಿಲ್ಲ. ಮಾಳಿಗೆಯ ಮೇಲೆ ಹಾಸಿಗೆ ಬಿಚ್ಚುವ ಮುನ್ನ ಎರಡು ಕೊಡ ನೀರು ಚೆಲ್ಲಿ ಅದನ್ನು ತಣಿಸಬೇಕು. ಬಯಲುಸೀಮೆಯಲ್ಲಿ ಗರಿಷ್ಠ ತಾಪಮಾನ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಎನ್ನುತ್ತದೆ. ಇಲ್ಲಿ ವಾಡಿಕೆಯೇ 40ರ ಆಸುಪಾಸು. ಹಾಗಾಗಿ ಕಲಬುರಗಿ, ರಾಯಚೂರಿನವರು ಬಿಸಿಗಾಳಿ ಎಂಬ ಘೋಷಣೆ ಇಲ್ಲದೆಯೂ ಬೇಯುತ್ತಾರೆ.

ಆದರೂ ಈ ಬಿಸಿಲಿಗೆ ಒಂದು ದಯೆ ಉಂಟು, ಅದು ಒಣ ಬಿಸಿಲು. ಕಿಟಕಿಗೆ ಆತು ನಿಂತ ಕೂಲರ್‌ಗೆ ಮನೆಯ ಹೆಣ್ಣುಮಗಳು ಕೊಡದಿಂದ ನೀರು ಸುರಿಯುತ್ತಾಳೆ. ಮೂರು ಬದಿಯ ಹುಲ್ಲಿನ ಪರದೆ ನೆನೆದು ತೊಟ್ಟಿಕ್ಕುತ್ತದೆ. ಹೊರಗಿನ ಗಾಳಿ ಆ ಹಸಿಯನ್ನು ಹೀರುತ್ತ, ಹೀರುವ ಭರದಲ್ಲಿ ತನ್ನ ಕಾವನ್ನೇ ಕಳೆದುಕೊಂಡು ಒಳಗೆ ಬರುತ್ತದೆ. ಗಡಿಗೆಯ ನೀರು ತಣ್ಣಗಿರುವುದು, ಮೈಬೆವರು ಆರಿದಾಗ ಹಾಯೆನಿಸುವುದು ಇದೇ ಲೆಕ್ಕದಲ್ಲಿ.

ಅದೇ ಕೂಲರನ್ನು ಮಂಗಳೂರಿಗೆ ತಂದಿಟ್ಟರೆ ಕೋಣೆ ಇನ್ನಷ್ಟು ಅಂಟಂಟಾಗುತ್ತದೆಯೇ ಹೊರತು ತಂಪಾಗುವುದಿಲ್ಲ. ಇಲ್ಲಿ ತಾಪಮಾನ 34, ಹೆಚ್ಚೆಂದರೆ 35. ಅಂಕಿ ನೋಡಿದ ಕಲಬುರಗಿಯವರು ನಗಬಹುದು. ಆದರೆ ಬಂದರಿನ ದಕ್ಕೆಯಲ್ಲಿ ಮೀನಿನ ಬುಟ್ಟಿ ಹೊತ್ತು ನಡೆಯುವವರ ಬೆನ್ನಿಗೆ ಅಂಗಿ ಬೆಳಗಿನ ಏಳಕ್ಕೇ ಅಂಟಿಕೊಂಡಿದೆ. ಗಾಳಿಯಲ್ಲಿ ಆಗಲೇ ತುಂಬಿರುವ ತೇವ ಇನ್ನಷ್ಟು ಹಿಡಿಸಿಕೊಳ್ಳಲು ಒಪ್ಪುವುದಿಲ್ಲ. ಬೆವರು ಸುರಿಯುತ್ತದೆ, ಆರುವುದಿಲ್ಲ. ಆರದ ಬೆವರು ಮೈಯ ನೀರು, ಉಪ್ಪು ಎರಡನ್ನೂ ಕಳೆಯುತ್ತದೆ, ಕಾವನ್ನು ಮಾತ್ರ ಒಯ್ಯುವುದಿಲ್ಲ. ಕರಾವಳಿಗೆ ಬಿಸಿಗಾಳಿಯ ಮಿತಿಯನ್ನು 37 ಡಿಗ್ರಿಗೆ ಇಳಿಸಿರುವುದು ಕಾರಣವಿಲ್ಲದೆ ಅಲ್ಲ. ಒದ್ದೆ ಬಟ್ಟೆ ಸುತ್ತಿದ ತಾಪಮಾಪಕ 35 ಡಿಗ್ರಿ ತೋರಿಸುವ ಹವೆಯಲ್ಲಿ ಗಟ್ಟಿಮುಟ್ಟಾದ ಆಳೂ ನೆರಳಲ್ಲಿ ಸುಮ್ಮನೆ ಕುಳಿತು ಬಹಳ ಹೊತ್ತು ತಾಳಲಾರ. ಅದಕ್ಕಿಂತ ಎಷ್ಟೋ ಕೆಳಗೇ ದುಡಿಯುವ ಮೈ ಸೋಲತೊಡಗುತ್ತದೆ.

ಊರ ಕಡೆಯ ಅಂಗಳದಲ್ಲಿ ಚಾಪೆಯ ಮೇಲೆ ಹಲಸಿನ ಹಪ್ಪಳ ಒಣಗುತ್ತಿದೆ. ಅದಕ್ಕೆ ಎರಡು ಒಳ್ಳೆಯ ಬಿಸಿಲು ಸಿಕ್ಕರೆ ಸಾಕು, ಮಳೆಗಾಲಕ್ಕೆ ಡಬ್ಬ ತುಂಬುತ್ತದೆ. ಅಜ್ಜಿ ಜಗಲಿಯಲ್ಲಿ ಕುಳಿತು ಒಂದು ಕಣ್ಣು ಕಾಗೆಯ ಮೇಲೆ, ಇನ್ನೊಂದು ಕಣ್ಣು ಮೂಡಣದ ಘಟ್ಟದ ಮೇಲೆ ಇಟ್ಟಿದ್ದಾರೆ. ಹನ್ನೊಂದರ ಹೊತ್ತಿಗೆ ಕಡಲಗಾಳಿ ಎದ್ದು ತೆಂಗಿನ ಗರಿ ಅಲ್ಲಾಡುತ್ತದೆ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಏರಿದಾಗ ಆ ತೆರವಿಗೆ ಕಡಲ ಕಡೆಯಿಂದ ಬರುವ ಗಾಳಿ ಅದು. ಅದು ಬರಿಗೈಯಲ್ಲಿ ಬರುವುದಿಲ್ಲ, ಅರಬ್ಬಿ ಸಮುದ್ರದ ಹಸಿಯನ್ನು ಹೊತ್ತು ಘಟ್ಟ ಹತ್ತುತ್ತದೆ.

ಉತ್ತರದ ಕಾವು, ಪಡುವಣದ ತೇವ ಎರಡೂ ಕೂಡುವುದು ಒಳನಾಡಿನಲ್ಲಿ. ವಿದರ್ಭ, ಮರಾಠವಾಡದ ಕಡೆಯಿಂದ ಹೊರಟು, ಒಳನಾಡು ಕರ್ನಾಟಕವನ್ನು ಉದ್ದಕ್ಕೆ ಹಾದು ತಮಿಳುನಾಡಿನತ್ತ ಇಳಿಯುವ ಕಡಿಮೆ ಒತ್ತಡದ ಗೆರೆಯೊಂದು ಬೇಸಿಗೆಯ ನಕಾಶೆಯಲ್ಲಿ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ಅದರ ಒಂದು ಮಗ್ಗುಲಲ್ಲಿ ವಾಯವ್ಯದ ಗಾಳಿ, ಇನ್ನೊಂದು ಮಗ್ಗುಲಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ಬರುವ ಆಗ್ನೇಯದ ಗಾಳಿ. ಎರಡೂ ಎದುರುಬದುರಾದಲ್ಲಿ ಹೋಗಲು ಜಾಗವಿರುವುದು ಮೇಲಕ್ಕೆ ಮಾತ್ರ. ಆ ಗೆರೆ ಇವತ್ತು ಎಲ್ಲಿದೆ ಎಂಬುದರ ಮೇಲೆ ಸಂಜೆಯ ಸಿಡಿಲು ಬಳ್ಳಾರಿಗೋ ಹಾಸನಕ್ಕೋ ಕೋಲಾರಕ್ಕೋ ಎಂಬುದು ತೀರ್ಮಾನವಾಗುತ್ತದೆ.

ಶಿರಾ ಸೀಮೆಯ ಬಯಲು, ಮಧ್ಯಾಹ್ನ ಮೂರು ಗಂಟೆ. ಬೆಳಿಗ್ಗೆ ಹತ್ತಿಯ ಚೂರಿನಂತಿದ್ದ ಮೋಡ ಈಗ ತಲೆಯೆತ್ತಿ ಬೆಳೆಯುತ್ತಿದೆ. ಬುಡ ಕಪ್ಪು, ನೆತ್ತಿ ಬೆಳ್ಳಗೆ ಹೊಳೆಯುತ್ತಿದೆ. ನೋಡನೋಡುತ್ತಿದ್ದಂತೆ ಹನ್ನೆರಡು, ಹದಿನಾಲ್ಕು ಕಿಲೋಮೀಟರ್ ಎತ್ತರಕ್ಕೆ ಹೋಗಿ, ಅಲ್ಲಿಂದ ಮುಂದೆ ದಾರಿ ಕಾಣದೆ ನೆತ್ತಿ ಚಪ್ಪಟೆಯಾಗಿ ಹರಡುತ್ತದೆ. ಕುರಿ ಮೇಯಿಸುತ್ತಿದ್ದವನು ಕಂಬಳಿ ಹೆಗಲಿಗೇರಿಸಿ, ದಾರಿಯಲ್ಲಿ ಬೈಕ್ ನಿಲ್ಲಿಸಿದವನನ್ನು ನೋಡುತ್ತಾನೆ.

“ಮಳೆ ಬರ್ತದಾ ಅಣ್ಣಾ?”

“ಬತ್ತದೆ ಕಣಪ್ಪ, ಗಾಳಿ ಹೊಡ್ಕೊಂಡು ಹೋಗ್ದಿದ್ರೆ.”

ಮೊದಲು ಬರುವುದು ಗಾಳಿಯೇ. ಮೋಡದಿಂದ ಬಿದ್ದ ತಣ್ಣನೆಯ ಗಾಳಿ ನೆಲಕ್ಕೆ ಅಪ್ಪಳಿಸಿ ಸುತ್ತಲೂ ಹರಿಯುತ್ತದೆ. ಅರೆಗಳಿಗೆಯಲ್ಲಿ ಕೆಮ್ಮಣ್ಣು ಎದ್ದು ಜಾಲಿಮರಗಳು ಕಾಣದಂತಾಗುತ್ತವೆ. ಬೆವತ ಮೈಗೆ ಚಳಿ ಹಿಡಿಸುವಷ್ಟು ಹವೆ ತಿರುಗುತ್ತದೆ. ಆಮೇಲೆ ನಾಲ್ಕಾಣೆಯಗಲದ ಹನಿ, ಒಂದೊಂದೇ, ದೂಳಿನಲ್ಲಿ ಕುಳಿ ತೋಡುತ್ತ. ಅದರ ಹಿಂದೆಯೇ ಆಲಿಕಲ್ಲು. ಕುರಿಗಳು ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ ಗುಂಪುಗಟ್ಟುತ್ತವೆ. ಮುಕ್ಕಾಲು ಗಂಟೆಗೆ ಎಲ್ಲ ಮುಗಿದು ಬಿಸಿಲು ಬರುತ್ತದೆ. ಎರಡು ಊರಾಚೆ ಒಂದು ಹನಿಯೂ ಬಿದ್ದಿಲ್ಲ.

ಇಲಾಖೆಯ ಪ್ರಕಟಣೆಯಲ್ಲಿ ಬರುವ ‘ಒಂದೆರಡು ಕಡೆ ಗುಡುಗು ಸಹಿತ ಮಳೆ’ ಹೀಗಿರುತ್ತದೆ. ಆ ಭಾಗದ ಮಳೆಮಾಪನ ಕೇಂದ್ರಗಳಲ್ಲಿ ನಾಲ್ಕನೆಯ ಒಂದು ಪಾಲು ಅಥವಾ ಅದಕ್ಕೂ ಕಡಿಮೆ ಕಡೆ ಮಳೆಯಾದೀತು ಎಂಬುದು ಅದರ ಲೆಕ್ಕ. ನಮ್ಮ ಹೊಲಕ್ಕೆ ಬರಲಿಲ್ಲವಲ್ಲ ಎಂದು ಬೈಯುವವನ ಸಂಕಟವೂ ಸರಿ, ಇಲಾಖೆಯ ಮಾತೂ ಸರಿ.

ಬಿದ್ದ ಮಳೆಯ ಜಮಾಖರ್ಚು ಊರಿಗೊಂದು ಬಗೆ. ಭರಣಿ ಬಂದರೆ ಧರಣಿ ಬದುಕೀತು ಎನ್ನುವ ಬಯಲುಸೀಮೆಯ ರೈತ ಮಾರನೆಯ ದಿನವೇ ಹದ ನೋಡಿ ನೇಗಿಲು ಹೂಡುತ್ತಾನೆ. ಏಪ್ರಿಲ್ 27ರ ಸುಮಾರಿಗೆ ಹುಟ್ಟುವ ಈ ಮಳೆಯಲ್ಲಿ ಮಾಗಿ ಉಳುಮೆ ಆದರೆ ಮುಂದಿನ ಬಿತ್ತನೆಗೆ ಅರ್ಧ ಕೆಲಸ ಮುಗಿದಂತೆ. ಚಿಕ್ಕಮಗಳೂರು, ಕೊಡಗಿನ ತೋಟಗಳಲ್ಲಿ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ಗಿಡ ಬೆಳ್ಳಗಾಗುತ್ತದೆ. ಅದರ ಹಿಂದೆ ಇನ್ನೊಂದು ಮಳೆ ಬಾರದಿದ್ದರೆ ಕಚ್ಚಿದ ಕಾಯಿ ನಿಲ್ಲುವುದಿಲ್ಲ. ಆ ಎರಡನೆಯದಕ್ಕೆ ಅಲ್ಲಿಯವರು ‘ಬ್ಯಾಕಿಂಗ್’ ಎನ್ನುತ್ತಾರೆ. ಇತ್ತ ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಅದೇ ಸಂಜೆಯ ಆಲಿಕಲ್ಲು ವರ್ಷದ ಗಂಟನ್ನೇ ನೆಲಕ್ಕೆ ಉದುರಿಸುತ್ತದೆ. ಉದುರಿದ ಕಾಯಿ ಉಪ್ಪಿನಕಾಯಿ ರೇಟಿಗೆ ಹೋಗುತ್ತದೆ, ಚರ್ಮಕ್ಕೆ ಪೆಟ್ಟು ಬಿದ್ದು ಮರದಲ್ಲೇ ಉಳಿದದ್ದಕ್ಕೆ ಮಂಡಿಯಲ್ಲಿ ಬೆಲೆ ಬಿಡುವುದಿಲ್ಲ.

ಬೆಂಗಳೂರಿನ ಲೆಕ್ಕವೇ ಬೇರೆ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಕಂಡ ಊರು ಇದು. 2024ರ ಏಪ್ರಿಲ್‌ನಲ್ಲಿ ತಿಂಗಳಿಡೀ ಆಕಾಶ ನೋಡುತ್ತ, ಟ್ಯಾಂಕರ್‌ಗೆ ಫೋನ್ ಮಾಡುತ್ತ ಕುಳಿತಿತ್ತು. ಬೇಡಿದ ಮಳೆ ಬಂದರೆ ಗುಲ್‌ಮೊಹರಿನ ಕೊಂಬೆ ಕಾರಿನ ಮೇಲೆ, ನೀರು ಕೆಳಸೇತುವೆಯೊಳಗೆ. 2023ರ ಮೇ 21ರಂದು ಇಂಥದೇ ಒಂದು ಮಳೆಗೆ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಕಾರು ಮುಳುಗಿ ಯುವತಿಯೊಬ್ಬಳು ಪ್ರಾಣ ಬಿಟ್ಟಳು. ಮೋಡ ಸುರಿದದ್ದು ಎಂದಿನಂತೆ ಸ್ವಲ್ಪ ಹೊತ್ತು. ಆ ಸ್ವಲ್ಪ ಹೊತ್ತಿಗೂ ನೀರು ಹರಿದುಹೋಗಲು ದಾರಿ ಇರಲಿಲ್ಲ.

ಸಂಜೆ ಏಳರ ಮೇಲೆ ಕರಾವಳಿಯ ಸರದಿ. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ ಇನ್ನೂ ತಿಂಗಳಿರುವುದರಿಂದ ಬಯಲಿನಲ್ಲಿ ಯಕ್ಷಗಾನದ ರಂಗಸ್ಥಳ ಏಳುತ್ತಿದೆ. ಘಟ್ಟದ ನೆತ್ತಿಯಲ್ಲಿ ಮಿಂಚು ಹರಿದಾಡುವುದನ್ನು ಕಂಡವರು ಬೆಳಕಿಗೂ ಗುಡುಗಿಗೂ ನಡುವಿನ ಹೊತ್ತನ್ನು ಎಣಿಸುತ್ತಾರೆ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿಸಿತೆಂದರೆ ಸಿಡಿಲು ನಮ್ಮ ಮೇಲೂ ಬೀಳುವ ಅಳತೆಯಲ್ಲಿದೆ ಎಂದರ್ಥ. ಗಟ್ಟಿ ಕಟ್ಟಡದೊಳಕ್ಕೆ ಹೋಗಬೇಕು, ಕೊನೆಯ ಗುಡುಗು ಕೇಳಿದ ಮೇಲೂ ಅರ್ಧ ಗಂಟೆ ಹೊರಗೆ ಬರಬಾರದು.

ಶಿರಾದ ಬಯಲಲ್ಲಿ ಅಂಥ ಕಟ್ಟಡ ಎಲ್ಲಿದೆ? ಒಂಟಿ ಹುಣಸೆಮರವೇ ಕುರಿಗಾಹಿಯ ಕಣ್ಣಿಗೆ ಬೀಳುವ ಆಸರೆ, ಸಿಡಿಲಿಗೂ ಅದೇ ಮೊದಲು ಕಾಣುವ ಗುರಿ. ಬೇಸಿಗೆಯ ಸಿಡಿಲಿಗೆ ಬಲಿಯಾದವರ ಸುದ್ದಿಯಲ್ಲಿ ‘ಮರದ ಕೆಳಗೆ ನಿಂತಿದ್ದಾಗ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಇಡೀ ಬೇಸಿಗೆ ಎಷ್ಟು ಬಿಸಿ ಎಂದು ಇಲಾಖೆ ಮೊದಲೇ ಹೇಳುತ್ತದೆ. ಆಸ್ಪತ್ರೆ, ಶಾಲೆ, ವಿದ್ಯುತ್ ಕಂಪನಿಗಳಿಗೆ ಅದು ಬೇಕು. ಕುರಿಗಾಹಿಗೆ ಬೇಕಾದದ್ದು ಮುಂದಿನ ಮೂರು ತಾಸಿನ ಮುನ್ನೆಚ್ಚರಿಕೆ. ಅದನ್ನೂ ಇಲಾಖೆ ಕೊಡುತ್ತಿದೆ. ಸಿಡಿಲಿನ ಸುಳಿವು ಕೊಡಲು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಕೂಡ ಇದೆ. ಆದರೆ ಕುರಿಗಾಹಿಯ ಜೇಬಿನಲ್ಲಿರುವುದು ಬಟನ್ ಫೋನು, ಅದರ ಚಾರ್ಜೂ ಮಧ್ಯಾಹ್ನಕ್ಕೇ ಮುಗಿದಿರುತ್ತದೆ. ಹಾಗಾಗಿ ಆ ಮುನ್ನೆಚ್ಚರಿಕೆ ಪಂಚಾಯಿತಿಯ ಮೈಕಿಗೆ ಬರಬೇಕು, ಗುಡಿಯ ಧ್ವನಿವರ್ಧಕಕ್ಕೆ ಬರಬೇಕು. ಮೋಡ ತಲೆಯೆತ್ತಿದಾಗ ಮರ ಬಿಟ್ಟು ಊರ ಕಡೆ ಕುರಿ ತಿರುಗಿಸಲು ಅವನಿಗೆ ಅರ್ಧ ಗಂಟೆ ಸಿಕ್ಕರೆ ಸಾಕು.