ನೌಕರಿ ಬಿಡುವ ಮುನ್ನ ನಾಲ್ಕು ಪೇಪರ್

ಸಂಜೆ ಏಳರ ಹೊತ್ತಿಗೆ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ತೆವಳುವ ಕಂಪನಿ ಬಸ್ಸುಗಳಲ್ಲಿ ಬಹುತೇಕರು ಮೊಬೈಲ್ ನೋಡುತ್ತಿರುತ್ತಾರೆ, ಇಲ್ಲವೇ ತೂಕಡಿಸುತ್ತಿರುತ್ತಾರೆ. ಅವರ ನಡುವೆ ಯಾರಾದರೂ ಪಕ್ಕದ ಕಾರಿನ ನಂಬರ್ ಪ್ಲೇಟ್ ನೋಡಿ ‘ಕಿಲೋ ಆಲ್ಫಾ ಝೀರೋ ಫೈಫ್’ ಎಂದು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದರೆ, ಅವರು ಪೈಲಟ್ ಪರೀಕ್ಷೆಗೆ ಓದುತ್ತಿದ್ದಾರೆ ಎಂದು ಧಾರಾಳವಾಗಿ ಊಹಿಸಬಹುದು. ವಿಮಾನದ ರೇಡಿಯೊದಲ್ಲಿ ಅಕ್ಷರ, ಅಂಕಿಗಳನ್ನು ಹೇಳುವ ಕ್ರಮ ಅದು. ಗರಗರ ಸದ್ದಿನಲ್ಲಿ ಫೈವ್ ಮತ್ತು ನೈನ್ ಒಂದೇ ತರಹ ಕೇಳಿಸಬಾರದೆಂದು ಐದನ್ನು ‘ಫೈಫ್’ ಎಂದೂ ಒಂಬತ್ತನ್ನು ‘ನೈನರ್’ ಎಂದೂ ಹೇಳುತ್ತಾರೆ. ಹಗಲೆಲ್ಲ ಕೋಡ್ ಬರೆಯುವವರು, ಬ್ಯಾಂಕಿನ ಕೌಂಟರಿನಲ್ಲಿ ಕೂರುವವರು, ವಿಮಾನ ನಿಲ್ದಾಣದಲ್ಲೇ ಚೆಕ್-ಇನ್ ಮೇಜಿನ ಹಿಂದೆ ನಿಲ್ಲುವವರು ಹೀಗೆ ಸಿಕ್ಕ ಬಿಡುವಿನಲ್ಲಿ ಓದುತ್ತಾರೆ. ಪಿಯುಸಿ ಮುಗಿದಾಗ ಮನೆಯಲ್ಲಿ ಹಣವಿರಲಿಲ್ಲ; ಡಿಗ್ರಿ ಆಯಿತು, ನೌಕರಿ ಸಿಕ್ಕಿತು, ತಂಗಿಯ ಮದುವೆ ಮುಗಿಯಿತು. ಹಾರುವ ಆಸೆ ಮಾತ್ರ ಹಾಗೇ ಉಳಿಯಿತು. ಇಂಥವರ ಪಾಲಿಗೆ ನಮ್ಮ ಪರೀಕ್ಷಾ ಪದ್ಧತಿಯಲ್ಲಿ ಒಂದು ದೊಡ್ಡ ಅನುಕೂಲವಿದೆ. ಅದು ಹೆಚ್ಚಿನವರಿಗೆ ಗೊತ್ತಿಲ್ಲ.

ಭಾರತದಲ್ಲಿ ಸಂಬಳಕ್ಕೆ ವಿಮಾನ ಹಾರಿಸಬೇಕಾದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್ ಬೇಕು. ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಎಲ್ಲರ ಬಾಯಲ್ಲಿ ಡಿಜಿಸಿಎ. ವಯಸ್ಸು 18 ತುಂಬಿರಬೇಕು, ವೈದ್ಯಕೀಯ ಪರೀಕ್ಷೆಯಲ್ಲಿ ಕ್ಲಾಸ್ 1 ಅರ್ಹತೆ ಇರಬೇಕು, 200 ಗಂಟೆ ಹಾರಾಟ ಆಗಿರಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕೆಂಬುದು ಬಹುಕಾಲದ ನಿಯಮ. ಕಾಮರ್ಸ್ ಓದಿದವರು ಮುಕ್ತ ಶಾಲೆಯ ಮೂಲಕ ಆ ಎರಡು ವಿಷಯ ಬರೆದುಕೊಂಡು ಬಂದದ್ದುಂಟು. ಇವುಗಳ ಜೊತೆಗೆ ಪೇಪರ್‌ಗಳು: ಏರ್ ನ್ಯಾವಿಗೇಷನ್, ಏವಿಯೇಷನ್ ಮೀಟಿಯರಾಲಜಿ, ಏರ್ ರೆಗ್ಯುಲೇಷನ್ಸ್, ಟೆಕ್ನಿಕಲ್ ಜನರಲ್, ಟೆಕ್ನಿಕಲ್ ಸ್ಪೆಸಿಫಿಕ್. ಎಲ್ಲವೂ ಕಂಪ್ಯೂಟರ್ ಮುಂದೆ ಕೂತು ಸರಿಯುತ್ತರ ಆರಿಸುವ ಪರೀಕ್ಷೆಗಳೇ. ಪಾಸಾಗಲು ನೂರಕ್ಕೆ 70 ಬೇಕು.

ಐದರಲ್ಲಿ ಕೊನೆಯದು ನೀವು ಹಾರಿಸಲಿರುವ ವಿಮಾನಕ್ಕೆ ಸಂಬಂಧಿಸಿದ್ದು. ಸೆಸ್ನಾ 172ರಲ್ಲಿ ಕಲಿಯುವವರಿಗೆ ಸೆಸ್ನಾ 172ರ ಬಗ್ಗೆಯೇ ಪ್ರಶ್ನೆ. ಹಾಗಾಗಿ ಅದನ್ನು ಫ್ಲೈಯಿಂಗ್ ಸ್ಕೂಲ್ ಗೊತ್ತಾದ ಮೇಲೆ ಬರೆಯುವುದೇ ಸರಿ. ಮಿಕ್ಕ ನಾಲ್ಕಕ್ಕೆ ಆ ಕಟ್ಟು ಇಲ್ಲ. ಒಂದು ಗಂಟೆಯೂ ಹಾರದವರು, ವಿಮಾನದ ಹತ್ತಿರ ಸುಳಿಯದವರು ಕೂಡ ಡಿಜಿಸಿಎಯಲ್ಲಿ ನೋಂದಾಯಿಸಿ ‘ಕಂಪ್ಯೂಟರ್ ನಂಬರ್’ ಪಡೆದು ಈ ನಾಲ್ಕನ್ನು ಬರೆಯಬಹುದು. ನೌಕರಿ ಇರುವವರ ಅನುಕೂಲ ಇದೇ. ಸಂಬಳ ಬರುತ್ತಿರುವಾಗಲೇ, ಪರೀಕ್ಷೆಯ ದಿನಕ್ಕೊಂದು ರಜೆ ಹಾಕಿ, ಅರ್ಧ ಹಾದಿಯನ್ನು ಮೇಜಿನ ಮುಂದೆಯೇ ಸವೆಸಬಹುದು. ಇದಕ್ಕೆ ತದ್ವಿರುದ್ಧವಾಗಿ ಮಾಡುವವರೂ ಬಹಳ ಜನ. ಕೆಲಸ ಬಿಟ್ಟು, ಸಾಲ ಮಾಡಿ, ಫ್ಲೈಯಿಂಗ್ ಸ್ಕೂಲಿನ ಹಾಸ್ಟೆಲ್ ಸೇರಿ, ಅಲ್ಲಿ ನ್ಯಾವಿಗೇಷನ್ ಪಾಸಾಗದೆ ತಿಂಗಳುಗಟ್ಟಲೆ ಕಾಯುತ್ತಾರೆ. ಬಡ್ಡಿ ಕಾಯುವುದಿಲ್ಲ.

ನಾಲ್ಕರಲ್ಲಿ ಹೆಚ್ಚು ಜನ ಹೆದರುವುದು ನ್ಯಾವಿಗೇಷನ್‌ಗೆ. ನನಗೆ ಹೆಚ್ಚು ಚೆಂದ ಕಾಣುವುದೂ ಅದೇ. ಅದರ ಒಂದು ಲೆಕ್ಕ ನೋಡಿ. ಒಂದೂರಿನಿಂದ ಹೊರಟು 30 ನಾಟಿಕಲ್ ಮೈಲಿ ಹಾರಿದ್ದೀರಿ. ಕೆಳಗೆ ಕಾಣುವ ಕೆರೆಯನ್ನು ನಕ್ಷೆಯೊಂದಿಗೆ ತಾಳೆ ನೋಡಿದರೆ ದಾರಿಯಿಂದ 3 ಮೈಲಿ ಬಲಕ್ಕೆ ಸರಿದಿದ್ದೀರಿ ಎಂದು ಗೊತ್ತಾಗುತ್ತದೆ. ಗಾಳಿ ತಳ್ಳಿದೆ. ಸೇರಬೇಕಾದ ಊರು ಇನ್ನೂ 45 ಮೈಲಿ ಇದೆ. ಎಷ್ಟು ತಿರುಗಬೇಕು? 60 ಮೈಲಿಗೆ 1 ಮೈಲಿ ಸರಿದರೆ ಸುಮಾರು 1 ಡಿಗ್ರಿ ತಪ್ಪಿದಂತೆ ಎಂಬುದೊಂದೇ ಸೂತ್ರ ನೆನಪಿದ್ದರೆ ಸಾಕು. 30ಕ್ಕೆ 3 ಎಂದರೆ 60ಕ್ಕೆ 6, ಅಂದರೆ ದಾರಿ 6 ಡಿಗ್ರಿ ತಪ್ಪಿದೆ. 45ಕ್ಕೆ 3 ಎಂದರೆ 60ಕ್ಕೆ 4. ಎಡಕ್ಕೆ 6 ಡಿಗ್ರಿ ತಿರುಗಿದರೆ ಮೂಲ ದಾರಿಗೆ ಸಮಾನಾಂತರವಾಗಿ ಹೋಗುತ್ತೀರಿ, ಇನ್ನೂ 4 ತಿರುಗಿದರೆ ನೇರ ಊರಿಗೇ. ಒಟ್ಟು 10 ಡಿಗ್ರಿ. ಕಾಗದ ಬೇಡ, ಕ್ಯಾಲ್ಕುಲೇಟರ್ ಬೇಡ. ಒಂದು ಕೈ ಕಂಟ್ರೋಲ್ ಮೇಲಿರುವಾಗ ಮನಸ್ಸಿನಲ್ಲೇ ಮಾಡಬಹುದಾದ ಲೆಕ್ಕ. ಏಳನೇ ತರಗತಿಯ ಅನುಪಾತದ ಪಾಠ ಇಲ್ಲಿ ವಿಮಾನವನ್ನು ಊರಿಗೆ ಮುಟ್ಟಿಸುತ್ತದೆ.

ಸಮಯದ ಲೆಕ್ಕಗಳೂ ಇದೇ ಪೇಪರ್‌ನಲ್ಲಿ ಬರುತ್ತವೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಒಂದು ಡಿಗ್ರಿಗೆ 4 ನಿಮಿಷ. ಭಾರತದ ಗಡಿಯಾರ ನಿಂತಿರುವುದು ಪೂರ್ವ ರೇಖಾಂಶ 82.5 ಡಿಗ್ರಿಯ ಮೇಲೆ. ಅದನ್ನು 15ರಿಂದ ಭಾಗಿಸಿದರೆ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದು. ಬೆಂಗಳೂರು ಇರುವುದು ಸುಮಾರು 77.6 ಡಿಗ್ರಿಯಲ್ಲಿ. ಹತ್ತಿರ ಹತ್ತಿರ ಐದು ಡಿಗ್ರಿ ಪಶ್ಚಿಮಕ್ಕಿರುವುದರಿಂದ ನಮ್ಮ ಸೂರ್ಯ ನಮ್ಮ ಗಡಿಯಾರಕ್ಕಿಂತ ಸುಮಾರು 20 ನಿಮಿಷ ತಡ. ರಾತ್ರಿ ಪಾಳಿಯಲ್ಲಿ ಅಮೆರಿಕದ ಗ್ರಾಹಕರೊಂದಿಗೆ ಕೆಲಸ ಮಾಡಿದವರಿಗೆ ಈ ಅಧ್ಯಾಯ ಬೇಗ ಒಲಿಯುತ್ತದೆ.

ಈ ಓದಿಗೊಂದು ಹಳೆಯ ಉಪಕರಣವಿದೆ. ಹೆಸರು ಫ್ಲೈಟ್ ಕಂಪ್ಯೂಟರ್. ಬ್ಯಾಟರಿ ಇಲ್ಲ, ತೆರೆ ಇಲ್ಲ. ದುಂಡನೆಯ ಸ್ಲೈಡ್ ರೂಲ್ ಅದು, ಒಂದು ತಟ್ಟೆಯ ಮೇಲೆ ಇನ್ನೊಂದು ತಿರುಗುತ್ತದೆ. 1930ರ ದಶಕದಲ್ಲಿ ಅಮೆರಿಕದ ಫಿಲಿಪ್ ಡಾಲ್ಟನ್ ರೂಪಿಸಿದ ಮಾದರಿ ಸಣ್ಣಪುಟ್ಟ ಬದಲಾವಣೆಯೊಂದಿಗೆ ಇವತ್ತಿಗೂ ತರಬೇತಿಯಲ್ಲಿದೆ. ಗಾಳಿಯ ದಿಕ್ಕಿಗೆ ಚಕ್ರ ತಿರುಗಿಸಿ, ವೇಗಕ್ಕೆ ತಕ್ಕಂತೆ ಪೆನ್ಸಿಲಿನಿಂದ ಚುಕ್ಕಿ ಇಟ್ಟು, ಹೋಗಬೇಕಾದ ದಿಕ್ಕಿಗೆ ಮತ್ತೆ ತಿರುಗಿಸಿದರೆ ವಿಮಾನದ ಮೂತಿಯನ್ನು ಎಷ್ಟು ಓರೆ ಹಿಡಿಯಬೇಕು, ನೆಲದ ಮೇಲೆ ಎಷ್ಟು ವೇಗ ಸಿಗುತ್ತದೆ ಎಂಬೆರಡೂ ಒಂದೇ ನೋಟಕ್ಕೆ ಕಾಣುತ್ತವೆ. ಗಾಳಿಯ ತ್ರಿಕೋನ ಪುಸ್ತಕದಲ್ಲಿ ಎಷ್ಟು ಸಲ ಓದಿದರೂ ಹತ್ತದವರಿಗೆ ಇದನ್ನು ಕೈಯಲ್ಲಿ ಹಿಡಿದು ತಿರುಗಿಸಿದಾಗ ಅರ್ಥವಾಗುತ್ತದೆ. ಆದ್ದರಿಂದ ಆ್ಯಪ್‌ಗಳ ಕಾಲದಲ್ಲೂ ಇದನ್ನು ಕೊಳ್ಳಿ ಎಂದೇ ಹೇಳುತ್ತೇನೆ.

ಹವಾಮಾನದ ಪೇಪರ್ ನಮ್ಮ ನಾಡಿನವರಿಗೆ ಹತ್ತಿರದ್ದು. ತೇವದ ಗಾಳಿ ಬೆಟ್ಟ ಹತ್ತುವಾಗ ತಣ್ಣಗಾಗಿ ಮಳೆ ಸುರಿಸುತ್ತದೆ, ಆಚೆ ಇಳಿಯುವಾಗ ಬೆಚ್ಚಗಾಗಿ ಒಣಗುತ್ತದೆ ಎಂಬ ಪಾಠಕ್ಕೆ ಆಗುಂಬೆ ಮತ್ತು ಬಯಲುಸೀಮೆಗಿಂತ ಒಳ್ಳೆಯ ಉದಾಹರಣೆ ಬೇಕೆ? ಮುಂಗಾರಿಗೆ ಮೊದಲು ಬರುವ ಮಾವಿನ ಮಳೆ, ಕೊಡಗು ಚಿಕ್ಕಮಗಳೂರಿನ ಕಾಫಿ ಗಿಡಗಳು ಕಾಯುವ ಹೂಮಳೆ ಎರಡೂ ಪಠ್ಯದಲ್ಲಿವೆ. ಆ ಮಳೆ ತರುವ ಗುಡುಗು ಮೋಡ ಪೈಲಟ್‌ಗಳು ದೂರ ಇಡಬೇಕಾದ ಮೋಡ.

ಇನ್ನು ಮೆಟಾರ್ ಎಂಬ ಹವಾಮಾನ ವರದಿ. ಕೆಂಪೇಗೌಡ ನಿಲ್ದಾಣದ ಸಂಕೇತ ವಿಒಬಿಎಲ್. ಚಳಿಗಾಲದ ಒಂದು ಮುಂಜಾನೆ ಅದರ ಮುಂದೆ ಹೀಗೆ ಬರಬಹುದು: 0030 ಝಡ್, 00000 ಕೆಟಿ, 0200 ಎಫ್‌ಜಿ, 15/15, ಕ್ಯೂ 1016. ಬಿಡಿಸಿದರೆ, ಗ್ರೀನಿಚ್ ಸಮಯ ಹನ್ನೆರಡೂವರೆ, ನಮ್ಮ ಬೆಳಗಿನ 6 ಗಂಟೆ, ಗಾಳಿ ಇಲ್ಲ, 200 ಮೀಟರ್ ಆಚೆ ಏನೂ ಕಾಣದಷ್ಟು ಮಂಜು, ಉಷ್ಣಾಂಶ 15, ಇಬ್ಬನಿ ಬಿಂದುವೂ 15, ಸಮುದ್ರ ಮಟ್ಟಕ್ಕೆ ಹೊಂದಿಸಿದ ವಾಯುಒತ್ತಡ 1016 ಹೆಕ್ಟೊಪಾಸ್ಕಲ್. ಉಷ್ಣಾಂಶ ಮತ್ತು ಇಬ್ಬನಿ ಬಿಂದು ಒಂದಾದರೆ ಗಾಳಿ ಇನ್ನು ತೇವ ಹಿಡಿದಿಡಲಾರದು. ಆಕಾಶ ತಿಳಿಯಾಗಿದ್ದು ನೆಲ ರಾತ್ರಿಯಿಡೀ ಶಾಖ ಬಿಟ್ಟುಕೊಟ್ಟರೆ, ಗಾಳಿ ಅಲುಗದಷ್ಟು ಮಂದವಾಗಿದ್ದರೆ ಮಂಜು ಕೂರುತ್ತದೆ. ಈ ವರದಿಗಳು ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುತ್ತವೆ. ದಿನಾ ಬೆಳಗ್ಗೆ ಒಂದನ್ನು ಬಿಡಿಸಿ ಕಿಟಕಿಯಾಚೆ ನೋಡುವವರಿಗೆ ಈ ವಿಷಯ ಪ್ರತ್ಯೇಕವಾಗಿ ಉರು ಹಾಕುವ ಅಗತ್ಯ ಬೀಳುವುದಿಲ್ಲ. ಐ.ಸಿ. ಜೋಶಿಯವರ ಪುಸ್ತಕ ಈ ಪೇಪರ್‌ಗೆ, ಆರ್.ಕೆ. ಬಾಲಿಯವರದು ರೆಗ್ಯುಲೇಷನ್ಸ್‌ಗೆ ದೇಶದುದ್ದಕ್ಕೂ ಬಳಕೆಯಲ್ಲಿವೆ.

ಟೆಕ್ನಿಕಲ್ ಜನರಲ್ ಎಂಜಿನಿಯರಿಂಗ್ ಓದಿದವರಿಗೆ ಅಷ್ಟೇನೂ ಹೊಸದಲ್ಲ. ಆದರೂ ಅದರಲ್ಲಿ ಬೆರಗಾಗುವಂಥದ್ದು ಸಿಗುತ್ತದೆ. ಹೊರಗೆ 25 ಡಿಗ್ರಿ ಬಿಸಿಲಿದ್ದಾಗಲೂ ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಎಂಜಿನ್ನಿನ ಕಾರ್ಬ್ಯುರೇಟರ್ ಒಳಗೆ ಮಂಜುಗಡ್ಡೆ ಕಟ್ಟಬಹುದು. ಇಂಧನ ಆವಿಯಾಗುವಾಗ ಸುತ್ತಲಿನ ಶಾಖವನ್ನು ಅಷ್ಟು ಹೀರಿಕೊಳ್ಳುತ್ತದೆ. ರೆಗ್ಯುಲೇಷನ್ಸ್ ಪೇಪರ್ ನೆನಪಿನ ಶಕ್ತಿಯ ಮೇಲೆ ನಿಂತದ್ದು. ಅದನ್ನು ಪರೀಕ್ಷೆಗೆ ಹತ್ತಿರದಲ್ಲಿ ಓದುವುದು ಲೇಸು.

ಪಠ್ಯದಲ್ಲಿ ಮನುಷ್ಯನ ದೇಹ, ಮನಸ್ಸಿನ ಮಿತಿಗಳ ಪಾಠವೂ ಇದೆ. ನೌಕರಿ ಮಾಡುತ್ತ ಓದುವವರು ಇದನ್ನು ಪರೀಕ್ಷೆಗಷ್ಟೇ ಓದಿ ಬಿಡಬಾರದು. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಗುಡ್ಡದ ಮೇಲಿನ ರನ್‌ವೇ ದಾಟಿ ಕೆಳಗುರುಳಿತು. 158 ಮಂದಿ ಸತ್ತರು. ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ದಿನದ ನೋವು ಇನ್ನೂ ಆರಿಲ್ಲ. ಕ್ಯಾಪ್ಟನ್ ಪ್ರಯಾಣದ ಬಹುಭಾಗ ನಿದ್ರಿಸಿದ್ದರು, ಎದ್ದ ಮೇಲಿನ ಮಂಪರು ಅವರ ನಿರ್ಣಯ ಶಕ್ತಿಯನ್ನು ಕುಂದಿಸಿರಬಹುದು, ಇಳಿಯುವುದನ್ನು ಕೈಬಿಡಿ ಎಂದು ಸಹ ಪೈಲಟ್ ಎಚ್ಚರಿಸಿದರೂ ಕೈಬಿಡಲಿಲ್ಲ ಎಂದು ತನಿಖಾ ವರದಿ ಹೇಳಿತು. ನಸುಕಿನ 2ರಿಂದ 6 ಗಂಟೆಯ ನಡುವೆ ದೇಹದ ಎಚ್ಚರ ಅತ್ಯಂತ ಕಡಿಮೆ ಎಂಬುದನ್ನು ಪೈಲಟ್‌ಗಳ ಕೆಲಸದ ಅವಧಿಯ ನಿಯಮಗಳೇ ಒಪ್ಪಿಕೊಂಡಿವೆ. ಕಚೇರಿ ಮುಗಿಸಿ ಬಂದು ರಾತ್ರಿ ಎರಡರವರೆಗೆ ಕಣ್ಣು ಉಜ್ಜುತ್ತ ಓದುವುದನ್ನು ನಾವು ಮೆಚ್ಚಿ ಮಾತಾಡುತ್ತೇವೆ. ಈ ಕಸುಬಿಗೆ ಅದು ಒಳ್ಳೆಯ ಆರಂಭವಲ್ಲ. ಹತ್ತಕ್ಕೆ ಮಲಗಿ ಐದಕ್ಕೆದ್ದು, ಆಫೀಸಿನ ಮೇಲ್ ತೆರೆಯುವ ಮೊದಲು ಒಂದೂವರೆ ಗಂಟೆ ಲೆಕ್ಕ ಬಿಡಿಸುವುದು ಇದಕ್ಕಿಂತ ಎಷ್ಟೋ ಮೇಲು. ಬಸ್ಸಿನ ಹೊತ್ತು ರೇಡಿಯೊ ಭಾಷೆಗೆ, ಭಾನುವಾರ ಮಾದರಿ ಪರೀಕ್ಷೆಗೆ ಸಾಕು. ಒಂದು ಸಲಕ್ಕೆ ಎರಡು ಪೇಪರ್‌ಗಿಂತ ಹೆಚ್ಚು ಹಚ್ಚಿಕೊಳ್ಳದಿದ್ದರೆ ನೌಕರಿಗೂ ಧಕ್ಕೆ ಬರುವುದಿಲ್ಲ.

ಕ್ಲಾಸುಗಳು ಸಿಗುವುದು ಕಷ್ಟವಲ್ಲ. ದೆಹಲಿಯ ದ್ವಾರಕಾ ಈ ‘ಗ್ರೌಂಡ್ ಕ್ಲಾಸ್’ಗಳಿಗೆ ಹೆಸರಾದ ಜಾಗ. ಈಗ ಆನ್‌ಲೈನ್ ಪಾಠಗಳು ಬಂದಿರುವುದರಿಂದ ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಕೂತು ಸಂಜೆಯ ಬ್ಯಾಚ್ ಸೇರಬಹುದು. ಕ್ಲಾಸುಗಳ ಜೊತೆಗೇ ಕ್ವೆಶ್ಚನ್ ಬ್ಯಾಂಕ್‌ಗಳೂ ಬರುತ್ತವೆ, ಅವನ್ನು ಬಾಯಿಪಾಠ ಮಾಡಿ 70 ದಾಟುವವರೂ ಇದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಕೆಲವು ಪೈಲಟ್‌ಗಳು ಸಿಕ್ಕಿಬಿದ್ದಾಗ ಇಡೀ ದೇಶ ಗಾಬರಿಯಾಯಿತು. ಅರ್ಥವಾಗದ ಉತ್ತರಕ್ಕೆ ಅಂಕ ಪಡೆದವರ ವಿಮಾನದಲ್ಲಿ ಕೂರುವ ಪ್ರಯಾಣಿಕರೂ ಅಷ್ಟೇ ಗಾಬರಿಯಾಗಬೇಕಾದವರು. ಬಾಯಿಪಾಠ ಹೇಗೂ ಹೆಚ್ಚು ದೂರ ಬರುವುದಿಲ್ಲ. ರೇಡಿಯೊ ಲೈಸೆನ್ಸಿನ ಪರೀಕ್ಷೆ ಆರ್‌ಟಿಆರ್‌ನಲ್ಲಿ ಪರೀಕ್ಷಕರ ಎದುರು ಕೂತು ಮಾತಾಡಿಯೇ ತೋರಿಸಬೇಕು: ಎಂಜಿನ್ ಕೆಟ್ಟಿತು, ಮೇಡೇ ಕರೆ ಕೊಡಿ ಎಂದರೆ ತಡವರಿಸದೆ ಕೊಡಬೇಕು. ದಶಕಗಳ ಕಾಲ ದೂರಸಂಪರ್ಕ ಇಲಾಖೆಯ ಬಳಿಯಿದ್ದ ಈ ಲೈಸೆನ್ಸಿನ ಹೊಣೆಯನ್ನು 2025ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮ ಡಿಜಿಸಿಎಗೆ ವಹಿಸಿತು.

ಬ್ರಿಟನ್, ಯುರೋಪಿನಲ್ಲಿ ಓದುವ ಕನ್ನಡಿಗರ ಹಾದಿ ಬೇರೆ. ಅಲ್ಲಿ 13 ವಿಷಯ, ಪಾಸಾಗಲು 75, ಮೊದಲ ಪರೀಕ್ಷೆ ಬರೆದ ತಿಂಗಳಿನಿಂದ 18 ತಿಂಗಳೊಳಗೆ ಎಲ್ಲವೂ ಮುಗಿಯಬೇಕು. ಆದರೆ ದೂರಶಿಕ್ಷಣದಲ್ಲಿ ಓದಿ ಹಂತ ಹಂತವಾಗಿ ಲೈಸೆನ್ಸ್ ಪಡೆಯುವ ಕ್ರಮವನ್ನು ಅಲ್ಲಿ ಅಧಿಕೃತವಾಗಿಯೇ ಒಪ್ಪಿದ್ದಾರೆ, ನೌಕರಿಯಲ್ಲಿದ್ದವರು ಅದನ್ನೇ ಹಿಡಿಯುತ್ತಾರೆ. ನಮ್ಮಲ್ಲಿಯೂ ಉದ್ಯೋಗಸ್ಥರಿಗೆಂದೇ ಹೊಂದಿಸಿದ ಒಂದು ಸರ್ಕಾರಿ ಗ್ರೌಂಡ್ ಕೋರ್ಸ್ ಇದ್ದರೆ ಎಷ್ಟು ಚೆನ್ನಾಗಿತ್ತು. ಜಕ್ಕೂರಿನ ಸರ್ಕಾರಿ ವಿಮಾನಯಾನ ತರಬೇತಿ ಶಾಲೆ 1949ರಿಂದ ಇರುವ ಸಂಸ್ಥೆ. ವಾರಾಂತ್ಯದಲ್ಲಿ ಕಡಿಮೆ ಶುಲ್ಕದ, ಸಾಧ್ಯವಾದರೆ ಕನ್ನಡದಲ್ಲೂ ವಿವರಿಸುವ ತರಗತಿಯನ್ನು ಅಲ್ಲಿ ನಡೆಸಿದರೆ ಹಳ್ಳಿಯ ಕಾಲೇಜಿನಿಂದ ಬಂದ ಎಷ್ಟೋ ಮಕ್ಕಳಿಗೆ ದಾರಿಯಾದೀತು.

ಈ ದಾರಿ ಹಿಡಿಯುವ ಮನಸ್ಸಿದ್ದವರಿಗೆ ಒಂದು ಮಾತು. ಕ್ಲಾಸಿಗೆ ಹಣ ಕಟ್ಟುವ ಮೊದಲು ವೈದ್ಯಕೀಯ ಪರೀಕ್ಷೆ ಮಾಡಿಸಿ. ಕಣ್ಣಿನ ಬಣ್ಣ ಗುರುತಿಸುವ ಶಕ್ತಿ, ಹೃದಯ, ಕಿವಿ ಇವುಗಳಲ್ಲಿ ಅಡ್ಡಿ ಇದೆಯೇ ಎಂಬುದು ಮೊದಲೇ ತಿಳಿಯಬೇಕು. ಕ್ಲಾಸ್ 2 ಪರೀಕ್ಷೆಯನ್ನು ಡಿಜಿಸಿಎ ಪಟ್ಟಿಯಲ್ಲಿರುವ ವೈದ್ಯರಲ್ಲಿ ಮಾಡಿಸಿದ ಬಳಿಕ ಕ್ಲಾಸ್ 1ಕ್ಕೆ ಹೋಗಬೇಕು; ಅದು ನಡೆಯುವ ಕೇಂದ್ರಗಳಲ್ಲೊಂದಾದ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಬೆಂಗಳೂರಿನಲ್ಲೇ ಇದೆ. ಆಮೇಲೆ ಕಂಪ್ಯೂಟರ್ ನಂಬರ್, ಆಮೇಲೆ ಪೇಪರ್‌ಗಳು. ಪಾಸಾದ ಪೇಪರ್‌ಗೂ ಕಾಲಮಿತಿ ಇರುವುದರಿಂದ ಹಾರಾಟದ ಹಣ ಯಾವಾಗ ಕೂಡುತ್ತದೆಂದು ಅಂದಾಜು ಮಾಡಿಕೊಂಡೇ ಆರಂಭಿಸಿ. ರಾಜೀನಾಮೆ ಪತ್ರ ನಾಲ್ಕೂ ಪೇಪರ್ ಮುಗಿದ ಮೇಲೆ ಬರೆದರಾಯಿತು.